ಸಾವು ಹೇಳುವವನ ಮಂಡಿನೋವು

ನನ್ನಪ್ಪನನ್ನು ಕಂಡರೆ ಜನ ಅಳುತ್ತಿದ್ದರು. ಅವನೇನು ಕೆಟ್ಟವನಲ್ಲ. ಅವನ ಕೆಲಸ ಅಂಥದ್ದು.

ಹೆಬ್ಬೂರಿನಿಂದ ಒಂದಷ್ಟು ಒಳಗೆ ಹೋದರೆ ನಮ್ಮೂರು. ಊರಲ್ಲೊಂದು ದೊಡ್ಡಮನೆ. ಆ ಮನೆಯಲ್ಲಿ ಯಾರಾದರೂ ಸತ್ತರೆ, ಅವರ ನೆಂಟರಿಷ್ಟರು ಇರುವ ಊರುಗಳಿಗೆಲ್ಲ ಹೋಗಿ ಸುದ್ದಿ ಮುಟ್ಟಿಸುವುದು ಕೇರಿಯ ನಮ್ಮ ಮನೆಯವರ ಕೆಲಸ. ತಾತ ಮಾಡಿದ. ಆಮೇಲೆ ಅಪ್ಪನಿಗೆ ಬಂತು. ತಾತನ ಕಾಲದಲ್ಲಿ ಪೂರ್ತಿ ನಡಿಗೆ. ಅಪ್ಪನ ಕಾಲಕ್ಕೆ ಬಸ್ಸು ಬಂತು, ಆದರೆ ದೊಡ್ಡಮನೆಯ ನೆಂಟರೆಲ್ಲ ಬಸ್ಸು ಹೋಗದ ಊರುಗಳನ್ನೇ ಹುಡುಕಿಕೊಂಡು ಮನೆ ಕಟ್ಟಿದ್ದರು. ಊರ್ಡಿಗೆರೆಯಲ್ಲಿ ಇಳಿದು ನಡೆಯಬೇಕು. ಹುಲಿಯೂರುದುರ್ಗದಲ್ಲಿ ಇಳಿದು ಇನ್ನೂ ನಡೆಯಬೇಕು. ಗುಬ್ಬಿ ಕಡೆಗೆ ಹೋದರೆ ಕೆರೆ ಏರಿ ಮೇಲೆ ಬಿಸಿಲಲ್ಲಿ ಬೇಯಬೇಕು.

ಸಾವು ಹೇಳುವುದಕ್ಕೆ ಒಂದು ರೀತಿಯಿತ್ತು. ನೆಂಟರ ಮನೆ ಮುಂದೆ, ಅಂಗಳದ ಆಚೆ ನಿಲ್ಲಬೇಕು. ಚಪ್ಪಲಿ ಬಿಡಬೇಕು. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡು ಸೊಂಟಕ್ಕೆ ಕಟ್ಟಬೇಕು. ದೊಡ್ಡವರ ಸಾವನ್ನು ನಮ್ಮವರು ಬಾಯಿಬಿಟ್ಟು ಹೇಳುವ ಹಾಗಿಲ್ಲ. ನಿಂತ ಭಂಗಿ ನೋಡಿ ಅವರೇ ತಿಳಿದುಕೊಳ್ಳುತ್ತಾರೆ. ಯಾರು ಅಂತ ಕೇಳಿದರೆ ಮಾತ್ರ ಹೆಸರು ಹೇಳಬೇಕು. ಅವರು ಎದೆ ಬಡಿದುಕೊಂಡು ಅತ್ತು ಮುಗಿಸುವ ತನಕ ನಿಂತಿರಬೇಕು. ಕೆಲವು ಹೆಂಗಸರು ಅಳುತ್ತಲೇ ಇವನನ್ನು ಬೈಯುತ್ತಿದ್ದರು, ಇವನೇ ಕೊಂದು ಬಂದವನ ಹಾಗೆ. ಆಮೇಲೆ ಕೊಟ್ಟಿಗೆ ಮಗ್ಗುಲಲ್ಲಿ ಒಂದು ಎಲೆ ಊಟ. ಅವನು ಅತ್ತ ಹೋದ ಮೇಲೆ ಅವನು ನಿಂತಿದ್ದ ಜಾಗಕ್ಕೆ ಸಗಣಿ ನೀರು.

ಒಂದು ಸಲ ನಮ್ಮ ಚಿಕ್ಕಪ್ಪನ ಮಗನಿಗೆ ಹೆಣ್ಣು ನೋಡಲು ಅಪ್ಪ ಹುಲಿಯೂರುದುರ್ಗದ ಕಡೆ ಹೋಗಿದ್ದ. ಬಾವಿ ಹತ್ತಿರ ಇವನ ಮುಖ ಕಂಡ ದೊಡ್ಡಮನೆಯ ನೆಂಟರ ಸೊಸೆಯೊಬ್ಬಳು ಬಿಂದಿಗೆ ಬಿಟ್ಟು ಕಿಟಾರನೆ ಕಿರುಚಿಕೊಂಡಳಂತೆ. ಇವನು ಹೆಣ್ಣು ನೋಡಲು ಬಂದೆ ಅನ್ನುವಷ್ಟರಲ್ಲಿ ಅರ್ಧ ಬೀದಿ ಅಳುತ್ತಿತ್ತಂತೆ. ಅಪ್ಪ ಇದನ್ನು ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಮೈ ಉರಿಯುತ್ತಿತ್ತು.

ನಾನು ಅರುಣಾ, ಅವನ ಒಬ್ಬಳೇ ಮಗಳು. ಆಗ ತುಮಕೂರಿನಲ್ಲಿ ಕೊನೇ ವರ್ಷದ ಡಿಗ್ರಿ. ಸರ್ಕಾರಿ ಹಾಸ್ಟೆಲ್ಲಿನ ಊಟ, ವಿದ್ಯಾರ್ಥಿ ಸಂಘದ ಮಾತು. ಮಾತಾಡುವುದನ್ನು ನಾನು ಅಲ್ಲೇ ಕಲಿತೆ. ಡಿಸಿ ಆಫೀಸಿನ ಮುಂದೆ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಹಾಸ್ಟೆಲ್ಲಿಗೆ ಬಂದರೆ ಕುಡಿಯಲು ಬಿಸಿನೀರು ಸಿಗುತ್ತಿರಲಿಲ್ಲ. ಅದಕ್ಕೂ ಒಂದು ಮನವಿ ಕೊಟ್ಟಿದ್ದೆವು. ನೀರು ಬರಲಿಲ್ಲ, ಆದರೆ ಮನವಿ ಕೊಟ್ಟ ಸಮಾಧಾನವಿತ್ತು.

ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಮಾತು, 'ಆಯ್ತು ಬುದ್ಧಿ'. ದೊಡ್ಡಮನೆಯವರು ಏನು ಹೇಳಿದರೂ ಅದೇ. ಈ ಗುರ್ತಿಗೆ ಓಟು ಹಾಕು ಅಂದರೆ ಆಯ್ತು ಬುದ್ಧಿ, ಹಾಕುತ್ತಿದ್ದದ್ದು ಬೇರೆಗೆ. ಮಗಳನ್ನು ಸ್ಕೂಲು ಬಿಡಿಸಿ ತೋಟಕ್ಕೆ ಕಳಿಸು ಅಂದರೆ ಆಯ್ತು ಬುದ್ಧಿ. ನಾನು ಡಿಗ್ರಿಗೆ ಬಂದರೂ ಅವನು ಸ್ಕೂಲು ಬಿಡಿಸುತ್ತಲೇ ಇದ್ದ. ಕೇರಿ ಮುಂದಿನ ಬೇವಿನ ಮರ ನಮ್ಮ ಗಾಡಿಗೆ ಅಡ್ಡ, ಕಡಿದು ಹಾಕು ಅಂದಿದ್ದರು. ಅದರ ಕೆಳಗೇ ಕೂತು ಅಪ್ಪ ಕೊಡಲಿ ಮಸೆಯುತ್ತಿದ್ದ, ವರ್ಷಗಟ್ಟಲೆ. ಅವ್ವ ಗಿರಿಯಮ್ಮ ಅವನನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದಳು. ಅವನು ಆಯ್ತು ಅಂದರೆ ಆಗುವುದಿಲ್ಲ ಅಂತ ಅರ್ಥ ಅನ್ನುತ್ತಿದ್ದಳು. ಹಾಗಾದರೆ ಆಗುವುದಿಲ್ಲ ಅಂತಲೇ ಹೇಳಲಿ ಅನ್ನುವುದು ನನ್ನ ಜಗಳ. ಯಾರ ಕಿವಿಗೂ ಬೀಳದ ವಿರೋಧ ಕಟ್ಟಿಕೊಂಡು ಏನು ಮಾಡುವುದು?

ತೊಂಬತ್ತೇಳರ ಬೇಸಿಗೆ. ದೊಡ್ಡಮನೆಗೆ ಫೋನು ಬಂದಾಗಿತ್ತು. ಮದುವೆ ಮಾತು ಫೋನಲ್ಲಿ, ಸೀಮಂತ ಫೋನಲ್ಲಿ, ಕೊಬ್ಬರಿ ರೇಟು ಫೋನಲ್ಲಿ. ಸಾವು ಮಾತ್ರ ಅಪ್ಪನ ಕಾಲಲ್ಲಿ. ಫೋನಲ್ಲಿ ಹೇಳಿದರೆ ಸತ್ತವರಿಗೆ ಮರ್ಯಾದೆಯಲ್ಲವಂತೆ. ಬದುಕಿದ್ದವನೊಬ್ಬ ಬಿಸಿಲಲ್ಲಿ ಒದ್ದಾಡಿಕೊಂಡು ಬಂದರೇ ಅವರ ಮರ್ಯಾದೆ ನೆಟ್ಟಗಿರುವುದು.

ಆ ಬೇಸಿಗೆಯಲ್ಲಿ ದೊಡ್ಡಮನೆಯ ಯಜಮಾನ ಶಿವರಾಮಯ್ಯ ಹಾಸಿಗೆ ಹಿಡಿದರು. ಹೆಬ್ಬೂರಿನ ಡಾಕ್ಟರು ಬಂದು ನೋಡಿ, ಇವತ್ತೋ ನಾಳೆಯೋ ಅಂದು ಹೋದರು. ಅವರ ಮಗ ಕಾಂತೇಶ್ ಅಪ್ಪನನ್ನು ಕರೆಸಿ, ಕೊಟ್ಟಿಗೆ ಹತ್ತಿರ ಕೂತಿರು, ಪ್ರಾಣ ಹೋದ ತಕ್ಷಣ ಹೊರಡಬೇಕು ಅಂದ. ಅಪ್ಪ ಆಯ್ತು ಬುದ್ಧಿ ಅಂದು ಕೂತ. ಬೆಳಗಾದರೆ ಹೋಗಿ ಕೂರುವುದು, ಹೊತ್ತು ಮುಳುಗಿದರೆ ಎದ್ದು ಬರುವುದು. ಒಬ್ಬ ಮನುಷ್ಯ ಸಾಯಲಿ ಅಂತ ಇನ್ನೊಬ್ಬ ಮನುಷ್ಯ ಕೂಲಿ ಬಿಟ್ಟು ಕಾಯಬೇಕು. ಶಿವರಾಮಯ್ಯ ಸಾಯಲಿಲ್ಲ. ಡಾಕ್ಟರು ಮತ್ತೆ ಬಂದು ಮತ್ತೆ ಇವತ್ತೋ ನಾಳೆಯೋ ಅಂದರು. ಕೂತು ಕೂತು ಅಪ್ಪನ ಮಂಡಿ ಊದಿಕೊಂಡಿತು. ಅದು ಮೊದಲೇ ನಡೆದು ನಡೆದು ಸವೆದಿದ್ದ ಮಂಡಿ.

ಅವನು ಕುಂಟುವುದನ್ನು ಕಾಂತೇಶ್ ನೋಡಿದ. ನೋಡಿ, ಸಾವು ಹೇಳುವ ಕೆಲಸಕ್ಕೆ ಇನ್ನು ಮೇಲೆ ಮಗಳನ್ನು ಕಳಿಸು ಅಂದ. ಬಸ್ಸಿನಲ್ಲಿ ಓಡಾಡಿ ರೂಢಿಯಿದೆ, ಓದಿದ್ದಾಳೆ, ಬಸ್ ಚಾರ್ಜು ನಾವೇ ಕೊಡುತ್ತೇವೆ. ಅವನ ಲೆಕ್ಕದಲ್ಲಿ ಅದು ದೊಡ್ಡ ಉಪಕಾರ. ಅಪ್ಪ ಏನಂದ? ಆಯ್ತು ಬುದ್ಧಿ.

ಶನಿವಾರ ಊರಿಗೆ ಬಂದಾಗ ಅವ್ವ ಹೇಳಿದಳು. ಒಂದು ಸಲ ನಾನು ಹೋಗಿ ಯಾರದೋ ಅಂಗಳದ ಆಚೆ ಚಪ್ಪಲಿ ಬಿಟ್ಟು ನಿಂತರೆ ಮುಗಿಯಿತು, ಆ ಕೆಲಸ ನನ್ನದಾಗುತ್ತದೆ. ಡಿಗ್ರಿ ಮುಗಿಸಿ ಮೇಡಂ ಆದರೂ ನಾನು ದೊಡ್ಡಮನೆಯ ಸಾವು ಹೇಳುವವಳೇ. ನನ್ನ ಮಕ್ಕಳೂ ಅದೇ. ಅಪ್ಪ ಎಕ್ಕದ ಎಲೆ ಬಿಸಿಮಾಡಿ ಮಂಡಿಗೆ ಕಟ್ಟಿಕೊಳ್ಳುತ್ತಾ ಕೂತಿದ್ದ.

"ನಾನು ಹೋಗಲ್ಲ ಅಂತ ಹೇಳ್ಬಿಟ್ಟು ಬಾ," ಅಂದೆ.

"ಹೇಳ್ತೀನಿ ಬುಡವ್ವ."

"ಯಾವಾಗ?"

"ಮಂಡಿ ವಾಸಿಯಾಗ್ಲಿ."

"ಬಾಯಲ್ಲಿ ಹೇಳಕ್ಕೆ ಮಂಡಿ ಯಾಕಪ್ಪ ವಾಸಿಯಾಗ್ಬೇಕು?"

ಅವನು ನಕ್ಕ. ನನಗೆ ಇನ್ನೂ ರೇಗಿತು. ಸಂಘದವರನ್ನು ಕರೆತರುತ್ತೇನೆ, ಜೀಪು ಬರುತ್ತದೆ, ಮೈಕು ಬರುತ್ತದೆ, ದೊಡ್ಡಮನೆ ಮುಂದೆಯೇ ಸಭೆ ಮಾಡುತ್ತೇವೆ ಅಂದೆ. ಅಪ್ಪ ಎಲೆಯ ಮೇಲೆ ಬಟ್ಟೆ ಸುತ್ತುತ್ತಾ, "ಕರ್ಕಂಬಾ. ಜೀಪು ವಾಪಸ್ ಹೋದ್ಮೇಲೆ ಏನ್ ಮಾಡಾನ?" ಅಂತ ಕೇಳಿದ. ಕೇರಿಯ ಎಲ್ಲರ ಕೂಲಿಯೂ ದೊಡ್ಡಮನೆಯ ತೆಂಗಿನ ತೋಟದಲ್ಲಿ. ಕಾಯಿ ಸುಲಿಯುವ ಗಂಡಸರು, ಹೊರುವ ಹೆಂಗಸರು. ನನಗೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ನೀವು ಹೆದರಿಕೊಂಡು ಹೆದರಿಕೊಂಡೇ ನಮ್ಮನ್ನು ಇಲ್ಲಿಗೆ ತಂದು ನಿಲ್ಲಿಸಿದಿರಿ ಅಂತ. ಅದು ಅವನಿಗೆ ತಾಕಿತು. ತಾಕಲಿ ಅಂತಲೇ ಆಡಿದ್ದೆ.

ಸೋಮವಾರ ತುಮಕೂರಿಗೆ ಹೋಗಿ ಸಂಘದ ರಂಗರಾಜುವನ್ನು ಹಿಡಿದೆ. ಅವನು ನನಗಿಂತ ಜಾಸ್ತಿ ಸಿಟ್ಟಾದ. ಸಿಟ್ಟಾಗುವುದರಲ್ಲಿ ನಮ್ಮ ಸಂಘದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಜೀಪು ಗುರುವಾರಕ್ಕೆ ಸಿಗುವುದು, ಮೈಕಿಗೆ ಪೊಲೀಸರ ಪರ್ಮಿಷನ್ ಬೇಕು, ಪರ್ಮಿಷನ್ ಕೊಡುವ ಸಾಹೇಬರು ರಜೆಯಲ್ಲಿ. ಅಷ್ಟರೊಳಗೆ ಶಿವರಾಮಯ್ಯ ಸಾಯದಿರಲಿ ಅಂತ ನಾನು ಬೇಡಿಕೊಂಡೆ. ಅವರ ಆಯಸ್ಸಿಗಾಗಿ ಅಷ್ಟು ಮನಸ್ಸಿಟ್ಟು ಬೇಡಿಕೊಂಡವರು ಅವರ ಮನೆಯಲ್ಲೂ ಇದ್ದಿರಲಾರರು.

ಬುಧವಾರ ಮಧ್ಯಾಹ್ನ ಊರಿನ ಬಸ್ಸು ಹತ್ತಿದೆ. ಹೊರಡುವ ಹೊತ್ತಿಗೆ ಒಂದು ಗುಂಪು ಹೆಂಗಸರು ಅಳುತ್ತಾ ಹತ್ತಿದರು. ಒಬ್ಬ ಮುದುಕಿಯ ಕೈಯಲ್ಲಿ ದೊಡ್ಡ ಹೂವಿನ ಹಾರ. ಬಸ್ಸು ರಶ್ಶಿತ್ತು. ಅವಳು ಹಾರವನ್ನು ನನ್ನ ತೊಡೆಯ ಮೇಲಿಟ್ಟು ಕಂಬಿ ಹಿಡಿದುಕೊಂಡಳು. ನಾನು ಯಾರ ಮಗಳು ಅಂತ ಗೊತ್ತಿದ್ದರೆ ಇಡುತ್ತಿರಲಿಲ್ಲ. ಯಾರು ತೀರಿಕೊಂಡರು ಅಂತ ಕೇಳಿದೆ. ಅವರು ಊರ್ಡಿಗೆರೆಯವರು, ಶಿವರಾಮಯ್ಯನವರು ಹೋಗಿಬಿಟ್ಟರಂತೆ. ಯಾರು ಹೇಳಿದರು ಅಂದೆ. ಇನ್ಯಾರು, ಆ ರಾಮಾಂಜಿನಯ್ಯನೇ ಬಂದಿದ್ದ, ಪಾಪ ಕಾಲು ಎಳೆದುಕೊಂಡು ಬಂದಿದ್ದ ಅಂದಳು ಮುದುಕಿ.

ರಾಮಾಂಜಿನಯ್ಯ ನನ್ನಪ್ಪ. ಕಿಟಕಿ ಕಡೆ ತಿರುಗಿ ಕೂತೆ. ನಾನು ಪೊಲೀಸ್ ಸಾಹೇಬರ ರಜೆ ಮುಗಿಯಲಿ ಅಂತ ಕಾಯುತ್ತಿದ್ದಾಗ ಅವನು ಆ ಮಂಡಿ ಹೊತ್ತುಕೊಂಡು ಹೊರಟುಹೋಗಿದ್ದ. ನನ್ನನ್ನು ಉಳಿಸುವುದಕ್ಕೆ ಹೋಗಿದ್ದಾನೆ ಅನ್ನಿಸಿ ಅಳು ಬಂತು. ಹಾಗೆ ಉಳಿಯುವುದು ನನಗೆ ಬೇಕಿರಲಿಲ್ಲ ಅನ್ನಿಸಿ ಸಿಟ್ಟು ಬಂತು. ಬಸ್ಸಿನಲ್ಲಿ ನಾನು ಅತ್ತಿದ್ದಕ್ಕೆ ಮುದುಕಿ ನನ್ನ ತಲೆ ಸವರಿದಳು.

ದೊಡ್ಡಮನೆ ಮುಂದೆ ಹುಲಿಯೂರುದುರ್ಗದ ಟ್ರ್ಯಾಕ್ಟರು, ಗುಬ್ಬಿಯ ವ್ಯಾನು, ಕುಣಿಗಲ್ಲಿನ ಟೆಂಪೋ. ಗುಬ್ಬಿಯವರಿಗೆ ಊರ್ಡಿಗೆರೆಯವರು ಫೋನಲ್ಲೇ ಹೇಳಿದ್ದರು. ಫೋನಲ್ಲಿ ಹೇಳಿದರೆ ಮರ್ಯಾದೆಯಲ್ಲ ಅನ್ನುವುದು ಅವತ್ತು ಯಾರಿಗೂ ನೆನಪಾಗಲಿಲ್ಲ. ನನ್ನ ಜೊತೆ ಬಂದ ಹೆಂಗಸರು ಗೇಟಿನಿಂದಲೇ ರಾಗ ಎತ್ತಿದರು. ಜಗಲಿ ಹತ್ತಿರ ಹೋದವರೇ ರಾಗ ನಿಲ್ಲಿಸಿ ನಿಂತುಬಿಟ್ಟರು. ನಾನು ಕಾಂಪೌಂಡಿನ ಹೊರಗಿನಿಂದ ಇಣುಕಿದೆ.

ಶಿವರಾಮಯ್ಯ ಜಗಲಿಯ ಮಂಚದ ಮೇಲೆ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು.

ಅಷ್ಟು ಜನರನ್ನು ಒಟ್ಟಿಗೆ ಕಂಡು ಅವರಿಗೆ ಜೀವ ಬಂದ ಹಾಗಿತ್ತು. ಯಾರು ಹಾರ ತಂದರು, ಯಾರು ಬರಿಗೈಯಲ್ಲಿ ಬಂದರು, ಯಾರು ಬರಲೇ ಇಲ್ಲ ಅಂತ ಹೆಂಡತಿ ಹೊಂಬಾಳಮ್ಮನನ್ನು ವಿಚಾರಿಸುತ್ತಿದ್ದರು. ಹುಲಿಯೂರುದುರ್ಗಕ್ಕೆ ಕೊಟ್ಟಿದ್ದ ಅವರ ಅಕ್ಕನಿಗೆ ಒಮ್ಮೆ ಶುರುವಾದ ಅಳು ನಿಲ್ಲುತ್ತಿರಲಿಲ್ಲ. ತಮ್ಮ ಎದುರಿಗೇ ಕೂತಿದ್ದರೂ ಬಿಕ್ಕುತ್ತಲೇ ಇದ್ದರು. ಹಾರಗಳನ್ನು ಎಲ್ಲಿಡಬೇಕು ಅಂತ ಯಾರಿಗೂ ತಿಳಿಯದೆ ಒಬ್ಬೊಬ್ಬರೇ ಟ್ರ್ಯಾಕ್ಟರಿನೊಳಗೆ ಇಟ್ಟು ಬರುತ್ತಿದ್ದರು.

ಅಂಗಳದ ನಡುವೆ ಅಪ್ಪ ಕೈ ಮುಗಿದು ನಿಂತಿದ್ದ. ಕಾಂತೇಶ್ ಅವನ ಕತ್ತಿನ ಪಟ್ಟಿ ಹಿಡಿದಿದ್ದ.

"ಏನ್ಲಾ, ನಮ್ಮಪ್ಪ ಸತ್ತವ್ರೆ ಅಂತ ಹೇಳ್ಕೊಂಡು ಬಂದೆಯೇನ್ಲಾ?"

"ನಾನೆಲ್ಲಿ ಹೇಳ್ದೆ ಬುದ್ಧಿ? ಮಂಡಿಗೆ ಎಣ್ಣೆ ತರ್ತೀನಿ ಅಂತ ನಿಮ್ಮನ್ನ ಕೇಳ್ಕಂಡೇ ಹೋಗಿದ್ದಲ್ವಾ? ಹುಲಿಯೂರುದುರ್ಗದಲ್ಲಿ ಬಿಸ್ಲು ಜೋರಾಗಿತ್ತು. ಅಕ್ಕನೋರ ಮನೆ ಕಾಣ್ತು. ನೀರ್ ಕೇಳಾನ ಅಂತ ನಿಂತ್ಕಂಡೆ. ಟವೆಲ್ ತಗ್ದು ಮುಖ ಒರೆಸ್ಕಂಡೆ. ಅಷ್ಟೊತ್ತಿಗೆ ಅಕ್ಕನೋರು ಎದೆ ಬಡ್ಕೊಳಕ್ಕೆ ಶುರು ಮಾಡ್ಬುಟ್ರು."

"ಇಲ್ಲ ಅನ್ನಕ್ಕೆ ಏನಾಗಿತ್ತು ನಿನ್ ಬಾಯಿಗೆ?"

"ದೊಡ್ಡೋರು ಅಳ್ತಿರ್ಬೇಕಾದ್ರೆ ನಾನೆಂಗೆ ಮಧ್ಯ ಬಾಯಿ ಹಾಕಾದು ಬುದ್ಧಿ? ನೀವೇ ಕಲ್ಸಿದ್ದು."

ಯಾರೋ ಕಿಸಕ್ಕನೆ ನಕ್ಕರು. ಹಾಗಾದರೆ ಊರ್ಡಿಗೆರೆಗೆ ಯಾಕೆ ಹೋದೆ ಅಂತ ಕಾಂತೇಶ್ ಕೇಳಿದ. ಹುಲಿಯೂರುದುರ್ಗದಲ್ಲಿ ಎಣ್ಣೆ ಸಿಗಲಿಲ್ಲ, ಊರ್ಡಿಗೆರೆಯಲ್ಲಿ ಸಿಗುತ್ತದೆ ಅಂದರು, ಅಲ್ಲೂ ಬಿಸಿಲು, ಅಲ್ಲೂ ಬಾಯಾರಿತು ಅಂದ ಅಪ್ಪ. ಈಗ ಅಂಗಳವೇ ನಕ್ಕಿತು. ಅಳಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಲಿಯೂರುದುರ್ಗದ ಅಕ್ಕ ಅಳುತ್ತಲೇ ನಕ್ಕರು.

ಅಪ್ಪನ ಮುಖ ನೋಡಿದೆ. ಮರದ ಕೆಳಗೆ ಕೂತು ಕೊಡಲಿ ಮಸೆಯುವಾಗ ಇರುತ್ತಿದ್ದ ಮುಖ ಅದು. ಒಂದು ಸುಳ್ಳನ್ನೂ ಹೇಳದೆ ಬದುಕಿರುವವನನ್ನು ಎರಡು ಊರಲ್ಲಿ ಸಾಯಿಸಿ ಬಂದಿದ್ದಾನೆ. ಇನ್ನು ಇವನು ಹೋಗಿ ನಿಂತರೆ ಯಾವ ಊರಲ್ಲೂ ಯಾರೂ ಅಳುವುದಿಲ್ಲ. ನಂಬಿಕೆ ಹೋದ ಮೇಲೆ ಆ ಕೆಲಸ ಎಲ್ಲಿ ಉಳಿಯಿತು? ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಎಲ್ಲರೂ ಇವನನ್ನು ದಡ್ಡ, ಬೆಪ್ಪ, ಕತ್ತೆ ಅನ್ನುತ್ತಿದ್ದರು, ಇವನು ಒಂದೊಂದಕ್ಕೂ ತಲೆಯಾಡಿಸುತ್ತಿದ್ದ. ಅದನ್ನು ನೋಡಲು ನನ್ನಿಂದಾಗಲಿಲ್ಲ. ಗೇಟು ದಾಟಿ ಒಳಗೆ ಹೋದೆ.

ಶಿವರಾಮಯ್ಯ ಗಂಜಿ ಲೋಟ ಕೆಳಗಿಟ್ಟರು. ನಗು ನಿಂತಿತು.

"ಇವ್ನು ಇನ್ನ ಬ್ಯಾಡ ಕಣೋ ಕಾಂತೇಶ," ಅಂದರು. "ತಲೆ ನೆಟ್ಟಗಿಲ್ಲ. ಇವ್ನ ಮಗಳು ಓದವ್ಳೆ. ಅಗೋ, ಅಲ್ಲೇ ನಿಂತವ್ಳಲ್ಲ. ಇನ್ಮೇಲೆ ಅವ್ಳೇ ಹೋಗ್ಲಿ. ಒಂದು ತಪ್ಪಿಲ್ದಂಗೆ ಹೇಳ್ತಾಳೆ."

ನೆಂಟರೆಲ್ಲ ತಲೆದೂಗಿದರು. ಸರಿಯಾದ ಮಾತು ಅಂದರು. ಓದಿದ ಹುಡುಗಿ ಬಂದು ನಿಂತರೆ ತಮ್ಮ ಮನೆಗೂ ಒಂದು ಗೌರವ ಅಂದ ಗುಬ್ಬಿಯವನೊಬ್ಬ. ಅಪ್ಪನ ಆಟ ಅಪ್ಪನಿಗೇ ತಿರುಗಿತ್ತು. ದಡ್ಡನಾಗಿ ತಾನು ತಪ್ಪಿಸಿಕೊಂಡ, ಜಾಣೆ ಅಂತ ನನ್ನನ್ನು ಹಿಡಿದರು. ಎಲ್ಲರೂ ಅವನ ಕಡೆ ನೋಡಿದರು. ಅವನ ಬಾಯಲ್ಲಿ ಬರುವ ಮಾತು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದು ಬರುವುದಕ್ಕೆ ಮೊದಲೇ ಕೂಗಬೇಕು ಅಂತ ಉಸಿರು ಎಳೆದುಕೊಂಡೆ.

ಅಪ್ಪ ಮುಗಿದಿದ್ದ ಕೈ ಬಿಡಿಸಿದ.

"ಆಗಲ್ಲ," ಅಂದ.

ಕಾಂತೇಶನಿಗೆ ಕೇಳಿಸಲಿಲ್ಲ ಅಂತ ಕಾಣುತ್ತದೆ. ಏನಂದೆ ಅಂತ ಕೇಳಿದ.

"ಆಗಲ್ಲ ಅಂದೆ."

ಬುದ್ಧಿ ಅನ್ನಲಿಲ್ಲ. ಜಗಲಿಗೆ ಬೆನ್ನು ಮಾಡಿ ನೆಂಟರ ಕಡೆ ತಿರುಗಿದ.

"ನಾನು ನಿಮ್ಮೂರಿಗೆ ತಪ್ಪಾಗಿ ಬಂದಿದ್ದಲ್ಲ ಕಣ್ರಪ್ಪ. ಬೇಕು ಅಂತ್ಲೇ ಬಂದು ನಿಂತ್ಕಂಡೆ. ದಡ್ಡ ಅಂತ ಅನ್ನಿಸ್ಕಂಡು ಮುಗಿಸ್ಬುಡಾನ ಅಂದ್ಕಂಡಿದ್ದೆ, ಇವ್ರು ಬುಡಲ್ಲ ಅಂತಾರೆ. ಈಗ ಎಲ್ಲಾ ಊರೋರೂ ಬಂದಿದೀರ. ಒಂದೊಂದು ಊರಿಗೂ ಹೋಗಿ ಹೇಳೋದು ತಪ್ತು. ನಮ್ಮನೆಯಿಂದ ಇನ್ಮೇಲೆ ಯಾರೂ ಸಾವು ಹೇಳಕ್ಕೆ ಬರಲ್ಲ. ನಾನೂ ಬರಲ್ಲ. ಮಗಳೂ ಬರಲ್ಲ."

ಕಾಂತೇಶ್ ಅವನ ಕಪಾಳಕ್ಕೆ ಹೊಡೆದ. ಟವೆಲ್ ಕೆಳಗೆ ಬಿತ್ತು. ಅಷ್ಟು ಜನರಲ್ಲಿ ಒಬ್ಬರೂ ಬಿಡು ಅನ್ನಲಿಲ್ಲ. ಆಗ ತಾನೇ ಬಿದ್ದು ಬಿದ್ದು ನಕ್ಕವರು. ಅಪ್ಪ ಬಗ್ಗಿ ಟವೆಲ್ ಎತ್ತಿಕೊಂಡ, ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಹಿಂದೆ ಸರಿಯಲಿಲ್ಲ. ನಾನು ಹೋಗಿ ಅವನ ಪಕ್ಕದಲ್ಲಿ ನಿಂತೆ. ಕಾಂತೇಶನ ಕೈ ಮತ್ತೆ ಎದ್ದಿತು. ಹೊಡಿ, ನಾಳೆ ಇದನ್ನೂ ಹೇಳುತ್ತೇನೆ, ತುಮಕೂರಿನಲ್ಲಿ ಹೇಳುತ್ತೇನೆ ಅಂದೆ. ಓದಿದವಳ ಬಾಯಿ ಅವನಿಗೆ ಮೊದಲ ಸಲ ಕಂಡಿತು. ಕೈ ಇಳಿಯಿತು. ಸಾವು ಹೇಳಲು ಫೋನಿದೆಯಲ್ಲ ಅಂತಲೂ ಅಂದೆ.

ಕೇರಿಯ ದಾರಿಯಲ್ಲಿ ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತಾ ಬಂದ. ಕೆನ್ನೆಯಲ್ಲಿ ಬೆರಳು ಮೂಡಿತ್ತು. ಅವನನ್ನು ಅಷ್ಟು ಪ್ರೀತಿಸಿದ ದಿನ ನನಗೆ ಬೇರೆ ನೆನಪಿಲ್ಲ. ಬೇವಿನ ಮರದ ಹತ್ತಿರ ನಿಂತು ಉಸಿರು ತೆಗೆದುಕೊಂಡು ಜೀಪು ನಾಳೆ ಬರುತ್ತದಾ ಅಂತ ಕೇಳಿದ. ಬರುತ್ತದೆ ಅಂದೆ. ಮೈಕು ಅಂದ. ಪರ್ಮಿಷನ್ ಸಿಕ್ಕಿಲ್ಲ ಅಂದೆ.

"ಹೋಗ್ಲಿ ಬುಡು," ಅಂದ. "ಮೈಕಿಲ್ದೇನೇ ಹೇಳಾಯ್ತು."

ಜೀಪು ಬಂತು. ರಂಗರಾಜು ಇಳಿದು, ಚೆನ್ನಾಗಿ ಸಿಟ್ಟಾಗಿ, ಸ್ಟೇಷನ್ನಿನಲ್ಲಿ ಕಂಪ್ಲೇಂಟು ಕೊಡಿಸಿದ. ಕಾಂತೇಶನನ್ನು ಕರೆಸಿ ಕೂರಿಸಿ ಕಳಿಸಿದರು. ಸಾಯಂಕಾಲ ಜೀಪು ವಾಪಸ್ ಹೋಯಿತು. ಅಪ್ಪ ಹೆದರಿದ್ದು ಸುಳ್ಳಾಗಲಿಲ್ಲ. ಮರುದಿನದಿಂದ ಕೇರಿಯವರಿಗೆ ತೋಟದಲ್ಲಿ ಕೆಲಸವಿಲ್ಲ. ಕೇರಿಯ ಹಿರಿಯ ಕದರಯ್ಯ ನಮ್ಮ ಬಾಗಿಲಿಗೇ ಬಂದು, ನಿನ್ನ ಮಗಳ ಓದು ನಮ್ಮ ಹೊಟ್ಟೆ ಮೇಲೆ ಹೊಡೆಯಿತು ಅಂದ. ಆಮೇಲೆ ಕಾಯಿ ಸುಲಿಯುವವರಿಲ್ಲದೆ ರಾಶಿ ಬಿದ್ದು ದೊಡ್ಡಮನೆಯವರು ಎಲ್ಲರನ್ನೂ ಮತ್ತೆ ಕರೆದರು, ನಮ್ಮನ್ನು ಬಿಟ್ಟು. ಅವ್ವ ಇಟ್ಟಿಗೆ ಗೂಡಿಗೆ ಹೋದಳು. ತಲೆ ಮೇಲೆ ಇಟ್ಟಿಗೆ ಹೊತ್ತು ಅವಳ ನೆತ್ತಿಯ ಕೂದಲು ಉದುರಿತು. ಇದನ್ನು ನಾನು ನಗುತ್ತಾ ಹೇಳಲಾರೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಶಿವರಾಮಯ್ಯ ನಿಜವಾಗಿಯೂ ಸತ್ತರು. ಕಾಂತೇಶ್ ಫೋನಿನ ಮುಂದೆ ಕೂತು ಎಲ್ಲ ಊರಿಗೂ ಮಾಡಿದ. ಗುಬ್ಬಿಯವರು ಹೋದ ಸಲವೂ ಹೀಗೇ ಅಂದಿದ್ದರಲ್ಲ ಅಂದರು. ಊರ್ಡಿಗೆರೆಯವರು ಸರಿಯಾಗಿ ನೋಡಿ ಇನ್ನೊಂದು ಸಲ ಮಾಡು ಅಂದರು. ಹುಲಿಯೂರುದುರ್ಗದ ಅಕ್ಕ, ತಮ್ಮ ಗಂಜಿ ಕುಡಿಯುತ್ತಿರಬೇಕು ನೋಡು ಅಂದು ಫೋನಿಟ್ಟರಂತೆ. ಕೇರಿಯಲ್ಲಿ ಬೇರೆ ಯಾರಾದರೂ ಹೋಗುತ್ತಾರಾ ಅಂತ ಆಳು ಬಂದು ಕೇಳಿದ. ಕದರಯ್ಯ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನಿಗೂ ಮಕ್ಕಳಿದ್ದರು. ಹೆಣ ಕಾಯುವುದಿಲ್ಲವಲ್ಲ, ಕೊನೆಗೆ ಕಾಂತೇಶನೇ ಮೋಟರ್ ಬೈಕು ಹತ್ತಿ ಊರೂರಿಗೆ ಹೊರಟ.

ರಸ್ತೆಗೆ ಹೋಗುವ ದಾರಿ ನಮ್ಮ ಮನೆ ಮುಂದೆಯೇ. ಅಪ್ಪ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ. ದೊಡ್ಡಮನೆಯ ಬೈಕಿನ ಸದ್ದು ದೂರದಲ್ಲಿ ಕೇಳಿದರೂ ಎದ್ದು ನಿಲ್ಲುತ್ತಿದ್ದವನು. ಬೈಕು ಬಂತು. ನಮ್ಮ ಮನೆ ಮುಂದಿನ ಕೆಸರಿಗೆ ನಿಧಾನವಾಯಿತು. ಕಾಂತೇಶ್ ಒಂದು ಸಲ ಇತ್ತ ನೋಡಿದ. ಅಪ್ಪ ಏಳಲಿಲ್ಲ. ಕೂತಲ್ಲಿಂದಲೇ ಹೇಳಿದ.

"ಪೆಟ್ರೋಲ್ ನೋಡ್ಕಳಿ ಕಾಂತೇಶಪ್ಪ. ಹುಲಿಯೂರುದುರ್ಗ ದೂರ ಐತೆ."